ಗ್ರಾಫ್ ಅದೇ, ಕೇಳುವವರು ಬೇರೆ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಈಕೆ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿರುವ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡು ಎಂದು ಗುರುತಿಸಲಾಗಿದ್ದ ಹೆಣ್ಣು. ಲ್ಯಾಬ್‌ನಲ್ಲಿ ಎಲ್ಲರಿಗೂ ವಿಷಯ ಗೊತ್ತು. ಯಾರೂ ಜಗಳ ಆಡಿರಲಿಲ್ಲ. ಆದರೂ ಸಂಶೋಧನೆ ಬಿಡ್ತೀನಿ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದರು. "ನನ್ನ ತಲೆ ಮೊದಲಿನ ಹಾಗೆ ಓಡ್ತಿಲ್ಲ. ನಾನು ತಗೊಳ್ತಿರೋ ಹಾರ್ಮೋನ್ ಕಾರಣ ಇರಬೇಕು."

ಪ್ರಯೋಗ ಕೆಟ್ಟಿದೆಯಾ? ಇಲ್ಲ. ಬರವಣಿಗೆ ನಿಧಾನವಾಗಿದೆಯಾ? ಇಲ್ಲ. ಮತ್ತೆ ಹೇಗೆ ಗೊತ್ತಾಯಿತು ಎಂದೆ. ತುಂಬಾ ಹೊತ್ತು ಯೋಚಿಸಿ ಹೇಳಿದರು: "ಮೊದಲು ಮೀಟಿಂಗ್‌ನಲ್ಲಿ ಗ್ರಾಫ್ ತೋರಿಸಿದ್ರೆ ಅದರ ಮೇಲೆ ಚರ್ಚೆ ಆಗ್ತಿತ್ತು. ಈಗ ಅರ್ಧಕ್ಕೇ ತಡೆದು, 'ಸರಿಯಾಗಿ ನೋಡಿದ್ದೀಯಾ?' ಅಂತಾರೆ."

ಆಗ ಬೆನ್ ಬ್ಯಾರೆಸ್ ಬಗ್ಗೆ ಹೇಳಿದೆ. ಸ್ಟ್ಯಾನ್‌ಫರ್ಡ್‌ನ ನರವಿಜ್ಞಾನಿ, ಟ್ರಾನ್ಸ್ ಪುರುಷ, 2017ರಲ್ಲಿ ತೀರಿಕೊಂಡರು. 2006ರಲ್ಲಿ 'ನೇಚರ್' ಪತ್ರಿಕೆಗೆ ಅವರು ಬರೆದದ್ದು ಈಕೆಯ ಅನುಭವಕ್ಕೆ ತದ್ವಿರುದ್ಧ. ಗಂಡಸಾಗಿ ಬದುಕತೊಡಗಿದ ಮೇಲೆ, ಹಿಂದಿನದು ಗೊತ್ತಿಲ್ಲದವರು ತಮಗೆ ಜಾಸ್ತಿ ಗೌರವ ಕೊಡುತ್ತಾರೆ, ಮಾತು ಮುಗಿಸಲು ಬಿಡುತ್ತಾರೆ ಎಂದಿದ್ದರು. ಅವರ ಕೆಲಸ ತಂಗಿಯ ಕೆಲಸಕ್ಕಿಂತ ಎಷ್ಟೋ ಮೇಲು ಅಂತ ಒಬ್ಬರು ಹೊಗಳಿದ್ದರಂತೆ. ಆ 'ತಂಗಿ'ಯೂ ಅವರೇ.

ಈಕೆ ಸುಮ್ಮನೆ ಕುಳಿತರು. ಆಮೇಲೆ, "ಹಾಗಾದ್ರೆ ಇದು ಎಲ್ಲ ಹೆಂಗಸರಿಗೂ ಆಗೋದಾ?" ಎಂದರು. ಅಲ್ವಾ ಮತ್ತೆ!

ಇದನ್ನು ಕೀಳರಿಮೆ ಎಂದು ಕರೆದು ಧೈರ್ಯ ತುಂಬಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಾನು ಒಪ್ಪುವುದಿಲ್ಲ. ಮೀಟಿಂಗ್‌ನಲ್ಲಿ ನಡೆಯುವ ತಪ್ಪಿಗೆ ಈಕೆಯ ಮನಸ್ಸಿಗೆ ಔಷಧಿ ಯಾಕೆ? ಟ್ರಾನ್ಸ್ ಮಹಿಳೆಯರು ಬಂದಾಗಲೆಲ್ಲ ಎಲ್ಲವನ್ನೂ 'ಗುರುತಿನ ಗೊಂದಲ'ಕ್ಕೆ ಕಟ್ಟಿಬಿಡುವ ಅಭ್ಯಾಸ ನಮ್ಮಲ್ಲಿದೆ. ಅದು ಅನ್ಯಾಯ.

ಹಾರ್ಮೋನ್ ಅನುಮಾನವನ್ನು ವೈದ್ಯರ ಹತ್ತಿರವೇ ಕೇಳಿ ಎಂದೆ. ಮೀಟಿಂಗ್‌ನಲ್ಲಿ ಯಾರು ಎಲ್ಲಿ ತಡೆದರು ಎಂದು ಅಂದೇ ಬರೆದಿಡಿ, ಅದನ್ನು ಹಿಡಿದು ಗೈಡ್ ಜೊತೆ ಮಾತಾಡಿ. ಅಲ್ಲಿ ಬಗೆಹರಿಯದಿದ್ದರೆ 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕು, ಅವರು ಯಾರೆಂದು ವಿಚಾರಿಸಿ.

ಇನ್ನೊಂದು ವಿಷಯಕ್ಕೆ ನಾನು ಹಟ ಹಿಡಿದೆ. ಹಳೆಯ ಹೆಸರಿನಲ್ಲಿ ಬಂದ ಪೇಪರ್‌ಗಳನ್ನು ಸಿವಿಯಿಂದ ತೆಗೆಯಲು ಹೊರಟಿದ್ದರು. ಬೇಡ ಎಂದೆ. ಎಲ್ಸೆವಿಯರ್, ವೈಲಿಯಂಥ ಪ್ರಕಾಶಕರು ಹೆಸರನ್ನು ಸದ್ದಿಲ್ಲದೆ ಬದಲಿಸಿಕೊಡುತ್ತಾರೆ. ಸಂಶೋಧಕರ ಗುರುತಿಗೆಂದು ಇರುವ ಆರ್ಕಿಡ್ (ORCID) ಸಂಖ್ಯೆ ಅದೇ ಇರುತ್ತದೆ, ಹೆಸರು ಮಾತ್ರ ಬದಲಿಸಬಹುದು. ಅಷ್ಟು ವರ್ಷದ ದುಡಿಮೆಯನ್ನು ಯಾಕೆ ಬಿಟ್ಟುಕೊಡಬೇಕು?

ಪೇಪರ್‌ಗಳಲ್ಲಿ ಹೆಸರು ಬದಲಿಸಲು ಅರ್ಜಿ ಹಾಕಿದ್ದಾರೆ. ಗೈಡ್ ಜೊತೆ ಮಾತು ಇನ್ನೂ ಆಗಿಲ್ಲ.