ಬೊಳ್ಳ ಬೊಗಳಿದ ರಾತ್ರಿ ಸಕ್ಕರೆ 52

ಪ್ರಶ್ನೆ: ಡಾಕ್ಟರೇ, ನಮ್ಮ ಮಗನಿಗೆ ಒಂಬತ್ತು ವರ್ಷ. ಎರಡು ವರ್ಷದಿಂದ ಟೈಪ್ 1 ಮಧುಮೇಹ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ರಾತ್ರಿ ಸಕ್ಕರೆ ಇಳಿದರೆ ಅವನಿಗೆ ಎಚ್ಚರವೇ ಆಗುವುದಿಲ್ಲ, ನಮಗೆ ಅದೇ ಹೆದರಿಕೆ. ಕಳೆದ ತಿಂಗಳು ಒಂದು ರಾತ್ರಿ ನಮ್ಮ ನಾಯಿ ಬೊಳ್ಳ ಜಗಲಿಯ ಬಾಗಿಲು ಕೆರೆದು ಬೊಗಳಿತು. ಎದ್ದು ನೋಡಿದರೆ ಮಗ ಬೆವರಿ ಒದ್ದೆಯಾಗಿದ್ದ, ಸಕ್ಕರೆ 52. ವಿದೇಶಗಳಲ್ಲಿ ಇದಕ್ಕೆಂದೇ ನಾಯಿಗಳಿಗೆ ಕಲಿಸುತ್ತಾರಂತೆ. ಬೊಳ್ಳನಿಗೂ ಕಲಿಸಬಹುದೇ? ತರಬೇತಾದ ಲ್ಯಾಬ್ರಡಾರ್ ಕೊಡುತ್ತೇನೆ, ಒಂದೂವರೆ ಲಕ್ಷ ಎಂದು ಒಬ್ಬರು ಹೇಳುತ್ತಿದ್ದಾರೆ. ಅಡಿಕೆ ಮಾರಿದ ಹಣ ಇದೆ. ಆದರೆ ನಾಯಿ ಹೊಸ್ತಿಲು ದಾಟಕೂಡದು ಎಂದು ಅತ್ತೆಯವರ ಹಟ. ಏನು ಮಾಡಲಿ?
– ಹೆಸರು ಬೇಡ, ಪೆರ್ಲ (ಕಾಸರಗೋಡು)

ಉತ್ತರ: ಅಡಿಕೆಯ ಹಣ ಬ್ಯಾಂಕಿನಲ್ಲೇ ಇರಲಿ. ನಿಮ್ಮ ಮಗನನ್ನು ಒಮ್ಮೆಯೂ ಮೂಸಿ ನೋಡದ ನಾಯಿ ಅವನಿಗಾಗಿ ತರಬೇತಾಗಿದೆ ಎಂದರೆ ನಾನು ಒಪ್ಪುವುದಿಲ್ಲ. ಮೂವತ್ತೆರಡು ವರ್ಷ ಈ ಸೀಮೆಯ ಹಟ್ಟಿಗಳನ್ನು ಸುತ್ತಿದ ದನದ ಡಾಕ್ಟರು ನಾನು. ದಲ್ಲಾಳಿ ದನದ ಹಾಲಿನ ಲೆಕ್ಕ ಹೇಳುವುದನ್ನು ಸಾಕಷ್ಟು ಕೇಳಿದ್ದೇನೆ.

ಬೊಳ್ಳನ ವಿಷಯ ಬೇರೆ. ಅದಕ್ಕೆ ನಿಜವಾಗಿ ವಾಸನೆ ಸಿಕ್ಕಿರಬಹುದು. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಟೈಪ್ 1 ಮಧುಮೇಹವಿರುವ ಎಂಟು ಮಹಿಳೆಯರ ಸಕ್ಕರೆಯನ್ನು ಎಚ್ಚರಿಕೆಯಿಂದ ಇಳಿಸುತ್ತಾ ಅವರ ಉಸಿರನ್ನು ಪರೀಕ್ಷಿಸಿದರು. ಸಕ್ಕರೆ ಇಳಿದಂತೆ ಉಸಿರಿನಲ್ಲಿ ಐಸೊಪ್ರೀನ್ ಎಂಬ ರಾಸಾಯನಿಕ ಏರಿತ್ತು. ನಮ್ಮ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ. ನಾಯಿಗಳು ಹಿಡಿಯುವುದು ಇದನ್ನೇ ಇರಬಹುದು ಎಂದು ಅವರ ಊಹೆ.

ಬ್ರಿಟನ್ನಿನಲ್ಲಿ 2008ರಲ್ಲಿ ಶುರುವಾದ ಮೆಡಿಕಲ್ ಡಿಟೆಕ್ಷನ್ ಡಾಗ್ಸ್ ಎಂಬ ಸೇವಾಸಂಸ್ಥೆ ಇಂತಹ ನಾಯಿಗಳನ್ನು ತಯಾರು ಮಾಡಿದೆ. ಈ ಕಲಿಕೆಯ ಮೂಲ ಸರಳ. ಸಕ್ಕರೆ ಇಳಿದ ಹೊತ್ತಿನಲ್ಲಿ ರೋಗಿಯ ಬೆವರು ಅಥವಾ ಉಸಿರನ್ನು ಹತ್ತಿಯಲ್ಲಿ ಹಿಡಿದಿಡುತ್ತಾರೆ. ಬೇರೆ ಹತ್ತಿಗಳ ನಡುವೆ ಅದನ್ನೇ ಹುಡುಕಿದ ನಾಯಿಗೆ ತಿಂಡಿ. ಆಮೇಲೆ ಎಚ್ಚರಿಸುವುದಕ್ಕಾಗಿ ಕೈ ನೆಕ್ಕುವುದು, ಪಂಜದಿಂದ ತಟ್ಟುವುದು, ಪರೀಕ್ಷೆಯ ಯಂತ್ರವಿರುವ ಚೀಲ ಕಚ್ಚಿ ತರುವುದು, ಇವನ್ನು ಕಲಿಸುತ್ತಾರೆ. ಸರಳ ಎಂದೆ, ಬೇಗ ಎನ್ನಲಿಲ್ಲ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಇದು, ಕಲಿತ ನಾಯಿಗಳೂ ಎಲ್ಲ ಒಂದೇ ಸಮ ಅಲ್ಲ. ಅಲ್ಲಿನ 27 ನಾಯಿಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಡುಮಟ್ಟದ ನಾಯಿ ಸಕ್ಕರೆ ಇಳಿದ ಪ್ರಸಂಗಗಳಲ್ಲಿ ನೂರಕ್ಕೆ 83ನ್ನು ಹಿಡಿದಿತ್ತು. ಅದಕ್ಕೆ ಎರಡು ವರ್ಷ ಮೊದಲು ಬಂದ, ಎಂಟು ರೋಗಿಗಳ ಅಮೆರಿಕದ ಅಧ್ಯಯನದಲ್ಲಿ ಹಿಡಿದದ್ದು ನೂರಕ್ಕೆ 36 ಮಾತ್ರ. ನಾಯಿ ಕೊಟ್ಟ ನೂರು ಎಚ್ಚರಿಕೆಗಳಲ್ಲಿ ಸರಿಯಾದವು 12.

ಇನ್ನು ನಮ್ಮ ಕಡೆಯ ನಾಯಿ. ಅಡಿಕೆ ತೋಟದ ಮನೆಯಲ್ಲಿ ನಾಯಿ ರಾತ್ರಿ ಬೊಗಳದೆ ಇರುವುದು ಯಾವಾಗ? ಕಾಡುಹಂದಿ, ಮುಳ್ಳುಹಂದಿ, ಬಿದ್ದ ತೆಂಗಿನ ಮಡಲು, ಯಾವುದಕ್ಕೂ ಬೊಗಳುತ್ತದೆ. ಆ ರಾತ್ರಿಗಳನ್ನೆಲ್ಲ ಮರೆತು 52 ಬಂದ ರಾತ್ರಿಯನ್ನು ನೆನಪಿಟ್ಟಿದ್ದೀರಿ. ತಾಯಿಯಾದವಳಿಗೆ ಅದು ಸಹಜ. ನನ್ನದೇ ಕತೆ ಹೇಳುತ್ತೇನೆ. ನಾನು ಮನೆಗೆ ಬರುವ ಹೊತ್ತು ನಮ್ಮ ನಾಯಿಗೆ ಮೊದಲೇ ತಿಳಿಯುತ್ತದೆ, ಗೇಟಿನಲ್ಲಿ ಕಾಯುತ್ತದೆ ಎಂದು ಕಂಡವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದೆ. ಹೆಂಡತಿ ಒಂದು ತಿಂಗಳು ಕ್ಯಾಲೆಂಡರಿನಲ್ಲಿ ಗೆರೆ ಎಳೆದು ತೋರಿಸಿದಳು. ನಾಯಿ ದಿನಾ ನಾಲ್ಕರಿಂದ ಏಳರವರೆಗೆ ಗೇಟಿನಲ್ಲೇ ಬಿದ್ದಿರುತ್ತಿತ್ತು, ನಾನು ಅದರ ನಡುವೆ ಯಾವಾಗಲೋ ಬರುತ್ತಿದ್ದೆ.

ಆದ್ದರಿಂದ ಒಂದು ಪುಸ್ತಕ ಇಡಿ. ರಾತ್ರಿ ಬೊಳ್ಳ ಬಾಗಿಲು ಕೆರೆದಾಗಲೆಲ್ಲ ಮಗನ ಸಕ್ಕರೆ ನೋಡಿ, ಗಂಟೆ ಮತ್ತು ಅಂಕಿ ಬರೆಯಿರಿ. 140 ಇದ್ದರೂ ಬರೆಯಿರಿ. ಸಕ್ಕರೆ 70ಕ್ಕಿಂತ ಕೆಳಗಿಳಿದೂ ಬೊಳ್ಳ ಸುಮ್ಮನೆ ಮಲಗಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ನಿಜವಾಗಿ ಇಳಿದಿದ್ದ ರಾತ್ರಿ ಎಬ್ಬಿಸಿದರೆ, ಮಗನಿಗೆ ಗ್ಲೂಕೋಸ್ ಕೊಟ್ಟು ಅವನು ಚೇತರಿಸಿಕೊಂಡ ಮೇಲೆ, ಬೊಳ್ಳನಿಗೂ ಒಂದು ತುಂಡು ಒಣಮೀನೋ ದೋಸೆಯೋ ಕೊಡಿ. ಸದ್ಯಕ್ಕೆ ಅಷ್ಟೇ ತರಬೇತಿ ಸಾಕು.

ನನಗೆ ಹೆದರಿಕೆ ಇರುವುದು ಬೊಳ್ಳ ಬೊಗಳದ ರಾತ್ರಿಗಳ ಬಗ್ಗೆ. "ನಾಯಿ ಸುಮ್ಮನಿದೆ, ಹಾಗಾದರೆ ಮಗ ಸರಿ ಇದ್ದಾನೆ" ಎಂದು ರಾತ್ರಿ ಎರಡು ಗಂಟೆಗೆ ಸಕ್ಕರೆ ನೋಡುವುದನ್ನು ಒಮ್ಮೆಯೂ ಬಿಡಬೇಡಿ. ತೋಳಿಗೆ ಅಂಟಿಸುವ ಸೆನ್ಸರ್ ಸಕ್ಕರೆ ಇಳಿಯುವಾಗ ಮೊಬೈಲಿನಲ್ಲಿ ಕೂಗುತ್ತದೆ. ನಾನು ಹೇಳಿದ ಅಮೆರಿಕದ ಅಧ್ಯಯನದಲ್ಲಿ ಬಹುಪಾಲು ಸಲ ನಾಯಿಗಿಂತ ಮೊದಲೇ ಎಚ್ಚರಿಸಬಹುದಾಗಿದ್ದುದು ಇಂತಹ ಯಂತ್ರವೇ. ಒಂದು ಸೆನ್ಸರ್ ಬಾಳುವುದು ಸುಮಾರು ಎರಡು ವಾರ, ಬೆಲೆಯೂ ಕೈ ಸುಡುತ್ತದೆ. ಕೇರಳ ಸಾಮಾಜಿಕ ಸುರಕ್ಷಾ ಮಿಷನ್ನಿನ 'ಮಿಠಾಯಿ' ಯೋಜನೆಯಲ್ಲಿ ಹೆಸರು ನೋಂದಾಯಿಸಿದ್ದೀರಾ? ಹೆಸರು ಕೇಳಿ ನಗಬೇಡಿ, ಅದು ಟೈಪ್ 1 ಮಧುಮೇಹವಿರುವ ಮಕ್ಕಳಿಗಾಗಿಯೇ ಇರುವ ಯೋಜನೆ. ನಿಮಗೆ ಏನೇನು ಸಿಗುತ್ತದೆ ಎಂದು ಮಗನನ್ನು ನೋಡುವ ಮಕ್ಕಳ ಡಾಕ್ಟರಲ್ಲಿ ಕೇಳಿ. ಪ್ರಜ್ಞೆ ತಪ್ಪಿದಾಗ ಕೊಡುವ ಗ್ಲುಕಗಾನ್ ಇಂಜೆಕ್ಷನ್ ಮನೆಯಲ್ಲಿ ಇಡಬೇಕೇ ಎಂದೂ ಅವರಲ್ಲೇ ಕೇಳಿ. ಅಂತಹ ಹೊತ್ತಿನಲ್ಲಿ ಬಾಯಿಗೆ ಏನನ್ನೂ ಹಾಕಕೂಡದು, ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಓಡಬೇಕು. ಇದಕ್ಕಿಂತ ಹೆಚ್ಚು ಹೇಳುವುದು ದನದ ಡಾಕ್ಟರಿಗೆ ಸಲ್ಲದು.

ಅತ್ತೆಯವರ ಪರವಾಗಿಯೂ ಒಂದು ಮಾತು. ಮೈತುಂಬ ಉಣುಗು ಇರುವ ನಾಯಿಯನ್ನು ನಾನೂ ಒಳಗೆ ಬಿಡುವುದಿಲ್ಲ. ಮಗನ ಮಂಚವನ್ನು ಜಗಲಿಗೆ ತಾಗಿದ ಕೋಣೆಗೆ ತನ್ನಿ, ಕಿಟಕಿಗೆ ಸೊಳ್ಳೆಪರದೆ ಹೊಡೆದು ತೆರೆದಿಡಿ, ಬೊಳ್ಳ ಅದರ ಕೆಳಗೆ ಮಲಗಲಿ. ಒಳಗೆ ಮಂಚದ ಪಕ್ಕ ಮಲಗಿದರೆ ಸಿಗುವಷ್ಟು ವಾಸನೆ ಅಲ್ಲಿ ಸಿಗದು, ಆದರೆ ಅತ್ತೆಯವರ ಮಡಿ ಕೆಡದು. ಮೂರು ತಿಂಗಳ ಪುಸ್ತಕದಲ್ಲಿ ಬೊಳ್ಳ ಗೆದ್ದರೆ ಹೊಸ್ತಿಲ ಮಾತನ್ನು ಅತ್ತೆಯವರೇ ಎತ್ತಬಹುದು. ಮೊಮ್ಮಗ ಅವರಿಗೂ ಮೊಮ್ಮಗನೇ ಅಲ್ಲವೇ?

ಹುಚ್ಚುನಾಯಿ ರೋಗದ ಲಸಿಕೆ ವರ್ಷ ವರ್ಷ ಹಾಕಿಸಿ, ಆ ಚೀಟಿ ತೋರಿಸಿ ಪಂಚಾಯತಿನಿಂದ ಲೈಸೆನ್ಸ್ ಮಾಡಿಸಿಕೊಳ್ಳಿ. ಇನ್ಸುಲಿನ್ ಪೆನ್ನು ನಾಯಿಯ ಬಾಯಿಗೆ ಸಿಗದಂತೆ ಇಡಿ. ಇನ್ನೊಂದು, ಇದು ಹೆಚ್ಚಿನವರಿಗೆ ತಿಳಿಯದು: ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಮತ್ತು ಮಿಠಾಯಿಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರಬಹುದು. ಮನುಷ್ಯರಿಗೆ ತೊಂದರೆ ಇಲ್ಲ. ನಾಯಿ ತಿಂದರೆ ಅದರ ಮೈಯಲ್ಲಿ ಇನ್ಸುಲಿನ್ ಉಕ್ಕಿ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ, ಸಾಯಲೂಬಹುದು. ಮಗನಿಗೆಂದು ತಂದದ್ದನ್ನು ಅವನು ಪ್ರೀತಿಯಿಂದ ಬೊಳ್ಳನೊಂದಿಗೆ ಹಂಚಿಕೊಳ್ಳದಂತೆ ನೋಡಿಕೊಳ್ಳಿ.

ಮೂರು ತಿಂಗಳಾದ ಮೇಲೆ ಆ ಪುಸ್ತಕದ ಹಾಳೆಗಳನ್ನು ನನಗೆ ಕಳುಹಿಸಿ. ಬೊಳ್ಳನಿಗೆ ಎಷ್ಟು ವಯಸ್ಸು ಎಂದು ನೀವು ಬರೆಯಲೇ ಇಲ್ಲ, ಅದನ್ನೂ ಸೇರಿಸಿ.