ಪಬ್ ಕಡಿಮೆ, ಬ್ರೂವರಿ ಜಾಸ್ತಿ: ಇದೆಂಥ ಲೆಕ್ಕ?

ಪ್ರಶ್ನೆ: ಬ್ರಿಟನ್ನಿನಲ್ಲಿ ಪಬ್‌ಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆಯಂತೆ. ಬಿಯರ್ ತಯಾರಿಸುವವರು ಮಾತ್ರ ಹೆಚ್ಚಾಗಿದ್ದಾರಂತೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಒಳಗೆ ಸಿಗರೇಟು ಸೇದಬಾರದೆಂಬ ನಿಷೇಧವೇ ಪಬ್‌ಗಳಿಗೆ ಮುಳುವಾಯಿತು ಅಂತಾರಲ್ಲ, ಹೌದಾ?

ಉತ್ತರ: ಎರಡೂ ನಿಜ. 2000ದ ಸುಮಾರಿಗೆ ಅಲ್ಲಿ 60,000ದಷ್ಟು ಪಬ್‌ಗಳಿದ್ದವು, ಈಗ 45,000ದ ಆಸುಪಾಸು. ಅದೇ ಅವಧಿಯಲ್ಲಿ ಬ್ರೂವರಿಗಳು ಕೆಲವು ನೂರರಿಂದ ಸಾವಿರ ದಾಟಿದವು.

ಸಿಗರೇಟಿನ ಮೇಲೆ ತಪ್ಪು ಹೊರಿಸೋದು ಸುಲಭ. ಇಂಗ್ಲೆಂಡಿನಲ್ಲಿ 2007ರ ಜುಲೈನಲ್ಲಿ ನಿಷೇಧ ಬಂತು, ಏಟು ಬಿದ್ದದ್ದೂ ಹೌದು. ಆದರೆ ರೋಗ ಅದಕ್ಕಿಂತ ಹಳೆಯದು. ಅಲ್ಲಿ 'ಟೈ' ಅಂತ ಒಂದು ಪದ್ಧತಿ ಇದೆ. ಕಟ್ಟಡ ಬ್ರೂವರಿಯದು, ನಡೆಸುವವರು ಬಾಡಿಗೆದಾರರು, ಬಿಯರನ್ನು ಮಾತ್ರ ಮಾಲೀಕರಿಂದಲೇ, ಅವರು ಹೇಳಿದ ರೇಟಿಗೇ ಕೊಳ್ಳಬೇಕು. 1980ರ ದಶಕದಲ್ಲಿ ಬಾಸ್, ವಿಟ್‌ಬ್ರೆಡ್, ಕರೇಜ್ ಸೇರಿ ಆರು ದೊಡ್ಡ ಕಂಪನಿಗಳದ್ದೇ ದರ್ಬಾರು. ಇದನ್ನು ಮುರಿಯಬೇಕು ಅಂತ ಸರ್ಕಾರ 1989ರಲ್ಲಿ 'ಬಿಯರ್ ಆರ್ಡರ್ಸ್' ತಂದಿತು. 2,000ಕ್ಕಿಂತ ಜಾಸ್ತಿ ಪಬ್ ಇರುವ ಬ್ರೂವರಿ, ಆ ಹೆಚ್ಚಿನದರಲ್ಲಿ ಅರ್ಧದಷ್ಟನ್ನು ಟೈನಿಂದ ಬಿಡಿಸಬೇಕಿತ್ತು.

ಉದ್ದೇಶ ಒಳ್ಳೆಯದೇ. ಆದರೆ ಕಾನೂನು ಹಿಡಿದದ್ದು ಬ್ರೂವರಿಗಳನ್ನು ಮಾತ್ರ. ಬಿಯರ್ ತಯಾರಿಸದೆ ಸುಮ್ನೆ ಪಬ್‌ಗಳನ್ನಷ್ಟೇ ಇಟ್ಟುಕೊಂಡವರಿಗೆ ಅದು ತಾಗಲೇ ಇಲ್ಲ! ಹೀಗೆ 'ಪಬ್‌ಕೋ'ಗಳು ಹುಟ್ಟಿದವು. ಪಂಚ್, ಎಂಟರ್‌ಪ್ರೈಸ್ ಥರದವರು ಭಾರಿ ಸಾಲ ಎತ್ತಿ ಸಾವಿರಾರು ಪಬ್ ಕೊಂಡರು, ಟೈ ಹಾಗೇ ಉಳಿಯಿತು, ಧಣಿ ಬದಲಾದ, ಅಷ್ಟೇ. ಆ ಸಾಲದ ಬಡ್ಡಿ ಕೊನೆಗೆ ಯಾರ ಗಲ್ಲಾದಿಂದ ಹೋಗಬೇಕು ಹೇಳಿ? ದೊಡ್ಡ ಪಬ್‌ಕೋಗಳ ಬಾಡಿಗೆದಾರರಿಗೆ, ಮಾರುಕಟ್ಟೆ ಬಾಡಿಗೆ ಕೊಟ್ಟು ಬಿಯರನ್ನು ಬೇಕಾದಲ್ಲಿ ಕೊಳ್ಳುವ ಹಕ್ಕು ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಸಿಕ್ಕಿದ್ದು 2016ರಲ್ಲಿ. (ವಿಟ್‌ಬ್ರೆಡ್ ಏನಾಯಿತು ಅಂದಿರಾ? 1742ರಿಂದ ಬಿಯರ್ ಕುದಿಸುತ್ತಿದ್ದವರು 2000ದಲ್ಲಿ ಬ್ರೂವರಿಗಳನ್ನು ಮಾರಿಬಿಟ್ಟರು. ಈಗ ಹೋಟೆಲ್ ರೂಮು ಬಾಡಿಗೆಗೆ ಕೊಡುತ್ತಾರೆ.)

ಜೊತೆಗೆ ಸೂಪರ್‌ಮಾರ್ಕೆಟ್. ಅಲ್ಲಿ ಪಬ್ಬಿಗಿಂತ ಎಷ್ಟೋ ಅಗ್ಗವಾಗಿ ಬಿಯರ್ ಸಿಗುವಾಗ ಮನೆ ಸೋಫಾನೇ ವಾಸಿ ಅಂತ ಜನಕ್ಕೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಸಣ್ಣ ಬ್ರೂವರಿಗಳು. 2002ರಲ್ಲಿ ಗಾರ್ಡನ್ ಬ್ರೌನ್ ಹಣಕಾಸು ಮಂತ್ರಿಯಾಗಿದ್ದಾಗ, ವರ್ಷಕ್ಕೆ 5 ಲಕ್ಷ ಲೀಟರ್ ಒಳಗೆ ತಯಾರಿಸುವವರಿಗೆ ಬಿಯರ್ ಸುಂಕ ಅರ್ಧಕ್ಕಿಳಿಯಿತು. ಗ್ಯಾರೇಜು, ರೈಲು ಸೇತುವೆಯ ಕಮಾನು, ಎಲ್ಲೆಂದರಲ್ಲಿ ಬ್ರೂವರಿ ಎದ್ದವು. ತಯಾರಿಸೋದೇನೋ ಆಯ್ತು, ಮಾರೋದೆಲ್ಲಿ? ಟೈ ಇರುವ ಪಬ್ಬಿನೊಳಗೆ ಇವರಿಗೆ ಸುಲಭಕ್ಕೆ ಜಾಗವಿಲ್ಲ. ಅದಕ್ಕೇ ಕ್ಯಾನು ತುಂಬಿಸಿ ಮಾರುತ್ತಾರೆ, ಬ್ರೂವರಿಯಲ್ಲೇ ನಾಲ್ಕು ಬೆಂಚು ಹಾಕಿ ಸುರಿದು ಕೊಡುತ್ತಾರೆ. ಪಬ್ ಕಡಿಮೆಯಾಗಿಯೂ ಬ್ರೂವರಿ ಜಾಸ್ತಿಯಾದದ್ದು ಹೀಗೆ.

ಪ್ರಶ್ನೆ: ಇಂಗ್ಲಿಷರು ಬಿಯರನ್ನು ಬೆಚ್ಚಗೆ ಕುಡಿಯುತ್ತಾರಂತೆ, ನಿಜವೇ?

ಉತ್ತರ: ಬೆಚ್ಚಗೇನಿಲ್ಲ, ನೆಲಮಾಳಿಗೆಯಷ್ಟು ತಂಪು, 11ರಿಂದ 13 ಡಿಗ್ರಿ. ಇದು ಕ್ಯಾಸ್ಕ್ ಏಲ್ ಅನ್ನೋ ಸಾಂಪ್ರದಾಯಿಕ ಬಿಯರಿನ ಮಾತು. ಪೀಪಾಯಿಯೊಳಗೆ ಯೀಸ್ಟ್ ಇನ್ನೂ ಜೀವಂತ ಇರುತ್ತೆ, ಬಿಯರ್ ಅಲ್ಲೇ ಹುದುಗುತ್ತಾ ಹದಕ್ಕೆ ಬರುತ್ತೆ. ಕೈಪಂಪು ಎಳೆದು ಗ್ಲಾಸು ತುಂಬಬೇಕು. ಇದನ್ನು ಉಳಿಸಲೆಂದೇ ಕುಡಿಯುವವರು ಸೇರಿ 1971ರಲ್ಲಿ ಕ್ಯಾಮ್ರಾ ಅಂತ ಸಂಘ ಕಟ್ಟಿದರು.

ತೊಂದರೆ ಏನೆಂದರೆ, ಒಂದೊಂದು ಗ್ಲಾಸು ಎಳೆದಂತೆ ಪೀಪಾಯಿಯೊಳಗೆ ಗಾಳಿ ಹೋಗುತ್ತೆ, ಮೂರು ದಿನ ಕಳೆದರೆ ರುಚಿ ಕೆಡುತ್ತಾ ಬರುತ್ತೆ. 'ಫರ್ಕಿನ್' ಅನ್ನೋ ಚಿಕ್ಕ ಪೀಪಾಯಿಯಲ್ಲೇ 72 ಪೈಂಟ್ ಇರುತ್ತೆ (ಒಂದು ಪೈಂಟ್ ಅಂದರೆ ಅರ್ಧ ಲೀಟರಿಗಿಂತ ತುಸು ಜಾಸ್ತಿ). ಅಂದರೆ ದಿನಕ್ಕೆ 24 ಪೈಂಟ್ ಖಾಲಿಯಾಗಲೇಬೇಕು. ಹಳ್ಳಿ ಪಬ್ಬಿನಲ್ಲಿ ಮಂಗಳವಾರ ಸಂಜೆ ಬರೋದೇ ಆರು ಜನ, ಅದರಲ್ಲಿ ಇಬ್ಬರು ಈ ಪೀಪಾಯಿಯದಲ್ಲದ, ತಣ್ಣನೆಯ ಲಾಗರ್ ಬಿಯರ್ ಕೇಳುವವರು.