ಜಗಲಿ ಅವರದ್ದು, ಅಂಗಡಿ ನಿಮ್ಮದು

ಪತ್ರ: ಮೆಸೇಜಿಂಗ್ ಆ್ಯಪ್‌ಗಳ ಒಳಗೇ ತೆರೆದುಕೊಳ್ಳುವ ಪುಟ್ಟ ಬ್ರೌಸರ್ ಆಟಗಳನ್ನು ಮಾಡುವ ಕಂಪನಿಯೊಂದರಲ್ಲಿ ನನ್ನ ಉಳಿತಾಯದ ಒಂದು ಪಾಲು ಹಾಕಬೇಕೆಂದಿದ್ದೇನೆ. ಡೌನ್‌ಲೋಡ್ ಮಾಡುವ ತಾಪತ್ರಯವಿಲ್ಲ, ತಯಾರಿಕೆ ಖರ್ಚೂ ಕಡಿಮೆ. ಆ್ಯಪ್‌ಗೆ ನೂರು ಕೋಟಿ ಬಳಕೆದಾರರಿದ್ದಾರೆ, ಅದರಲ್ಲಿ ಶೇ. 1 ಜನ ಆಡಿದರೂ ಸಾಕು. ಹಾಕಬಹುದೇ? — ಒಬ್ಬ ಓದುಗ

ಸಂಪಾದಕರ ಉತ್ತರ: ಹಣ ಹಾಕುವ ಮೊದಲೇ ಕೇಳಿದ್ದೀರಲ್ಲ, ಅದಕ್ಕೆ ಮೆಚ್ಚಿದೆ. ಜಾಸ್ತಿ ಜನ ಕಳೆದುಕೊಂಡ ಮೇಲೆ ಬರೆಯುತ್ತಾರೆ. ಆದರೆ ಆ ‘ಶೇ. 1’ ಓದಿ ಸ್ವಲ್ಪ ಸಿಟ್ಟೂ ಬಂತು. ನೂರು ಕೋಟಿ ಜನ ಆ ಆ್ಯಪ್‌ನ ಬಳಕೆದಾರರು, ಆಟ ಮಾಡಿದವರ ಬಳಕೆದಾರರಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ ಅಲ್ವಾ?

ನಿಮ್ಮ ಪರವಾಗಿಯೂ ಒಂದೆರಡು ಮಾತು ಹೇಳಿಬಿಡುತ್ತೇನೆ. ಚೀನಾದ ಮೆಸೇಜಿಂಗ್ ಆ್ಯಪ್ ವಿಚಾಟ್ 2017ರ ಡಿಸೆಂಬರ್‌ನಲ್ಲಿ ಇಂಥ ಪುಟ್ಟ ಆಟಗಳನ್ನು ತಂದಿತು. ಪರದೆಯನ್ನು ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರೋ ಅಷ್ಟು ದೂರ ಒಂದು ಪುಟ್ಟ ಗೊಂಬೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರುವ ಆಟವೇ ಮೊದಲು ಎಲ್ಲರ ಕೈಗೆ ಹತ್ತಿದ್ದು. 2022ರಲ್ಲಿ ‘ಶೀಪ್ ಎ ಶೀಪ್’ ಬಂತು. ಮೊದಲ ಹಂತ ಮಕ್ಕಳೂ ಗೆಲ್ಲುತ್ತಾರೆ, ಎರಡನೆಯದನ್ನು ಗೆಲ್ಲುವವರೇ ಅಪರೂಪ. ಸಿಕ್ಕಿಬಿದ್ದಾಗ ನೆರವು ಬೇಕೆಂದರೆ ಒಂದು ಜಾಹೀರಾತು ನೋಡಬೇಕು. ಗೆದ್ದರೆ ನಿಮ್ಮ ಪ್ರಾಂತ್ಯದ ಮಂದೆಗೆ ಒಂದು ಕುರಿ ಸೇರುತ್ತದೆ. ಸಣ್ಣ ಕಂಪನಿಯೊಂದು ಮಾಡಿದ ಆಟಕ್ಕೆ ಜನ ಹೇಗೆ ಮುಗಿಬಿದ್ದರೆಂದರೆ ಸರ್ವರ್‌ಗಳೇ ಕೈಕೊಟ್ಟವು. ಹಾಗಾಗಿ ಈ ಧಂದೆಯಲ್ಲಿ ಹಣವೇ ಇಲ್ಲ ಎಂದು ನಾನು ಹೇಳುವುದಿಲ್ಲ.

ಆದರೆ ಇದು ಬೇರೆಯವರ ಜಗಲಿಯಲ್ಲಿ ಅಂಗಡಿ ಇಟ್ಟಂತೆ. ವ್ಯಾಪಾರ ಕುದುರುವವರೆಗೆ ಮನೆಯವರು ನಗುತ್ತಾರೆ, ಆಮೇಲೆ ಬಾಡಿಗೆ ಕೇಳುತ್ತಾರೆ, ಇನ್ನೊಂದು ದಿನ ಬಾಗಿಲನ್ನೇ ಹಿತ್ತಲಿಗೆ ತಿರುಗಿಸುತ್ತಾರೆ. ಫೇಸ್‌ಬುಕ್ 2016ರ ನವೆಂಬರ್‌ನಲ್ಲಿ ಮೆಸೆಂಜರ್ ಒಳಗೆ ಇನ್‌ಸ್ಟಂಟ್ ಗೇಮ್ಸ್ ಶುರು ಮಾಡಿತು. ಎವರ್‌ವಿಂಗ್ ನೆನಪಿದೆಯಾ? ಒಂದೇ ಬೆರಳಲ್ಲಿ ಆಚೀಚೆ ಸರಿಸುತ್ತಾ ಮೇಲಿಂದ ಇಳಿಯುವ ರಾಕ್ಷಸರನ್ನು ಹೊಡೆಯುವುದು, ಆಟ ಮುಗಿದರೆ ಅಂಕ ನೇರ ಚಾಟ್‌ಗೆ ಬಂದು ಬೀಳುವುದು, ಗೆಳೆಯ ಅದನ್ನು ಮೀರಿಸಲು ಕೂರುವುದು. ಆ ಚಾಟ್ ಇದ್ದದ್ದರಿಂದಲೇ ಆಟ ಹರಡಿತ್ತು. 2019ರಲ್ಲಿ ಫೇಸ್‌ಬುಕ್ ಈ ಆಟಗಳನ್ನು ಮೆಸೆಂಜರ್‌ನಿಂದ ಎತ್ತಿ ತನ್ನ ಮುಖ್ಯ ಆ್ಯಪ್‌ಗೆ ಸಾಗಿಸಿತು. ಅದೇ ವರ್ಷ ಸ್ನ್ಯಾಪ್‌ಚಾಟ್ ತನ್ನ ಆಟಗಳನ್ನು ಭಾರೀ ಸದ್ದಿನಿಂದ ತೆರೆಯಿತು. 2022ರಲ್ಲಿ ಸಿಬ್ಬಂದಿ ಕಡಿತದ ಜೊತೆಗೆ ಅದನ್ನೂ ಮುಚ್ಚುವುದಾಗಿ ಹೇಳಿತು. ಆಟ ಮಾಡಿದವರನ್ನು ಯಾರು ಕೇಳಬೇಕು?

ಇನ್ನೂ ಹಿಂದೆ ಹೋದರೆ ಝಿಂಗಾ ಎಂಬ ಆಟದ ಕಂಪನಿ ಸಿಗುತ್ತದೆ. 2009ರಲ್ಲಿ ಅದರ ಹೊಲಮನೆ ಆಟ ಫಾರ್ಮ್‌ವಿಲ್ ಬಂದಾಗ ಫೇಸ್‌ಬುಕ್ ತೆರೆದವರಿಗೆಲ್ಲ ಯಾರದೋ ಹಸು, ಯಾರದೋ ಬೆಳೆಯ ಸುದ್ದಿ. 2010ರಲ್ಲಿ ಫೇಸ್‌ಬುಕ್ ಆ ಸುದ್ದಿಗಳಿಗೆ ಕಡಿವಾಣ ಹಾಕಿತು. ಆದರೂ 2011ರ ಡಿಸೆಂಬರ್‌ನಲ್ಲಿ ಝಿಂಗಾ ಷೇರು ಪೇಟೆಗೆ ಬಂದಾಗ ಅದರ ವರಮಾನದ ಶೇ. 90ಕ್ಕೂ ಹೆಚ್ಚು ಫೇಸ್‌ಬುಕ್ ಮೂಲಕವೇ ಬರುತ್ತಿತ್ತು. ಕಂಪನಿ ತನ್ನ ದಾಖಲೆಯಲ್ಲಿ ಇದನ್ನು ಅಪಾಯ ಎಂದೇ ಬರೆದಿತ್ತು, ಮುಚ್ಚಿಟ್ಟಿರಲಿಲ್ಲ. 10 ಡಾಲರ್‌ಗೆ ಮಾರಿದ ಷೇರು ವರ್ಷ ತುಂಬುವ ಮೊದಲೇ 3 ಡಾಲರ್‌ಗಿಂತ ಕೆಳಗಿತ್ತು. ಅಪಾಯದ ಪುಟವನ್ನು ಯಾರೂ ಓದುವುದಿಲ್ಲ, ನೀವಾದರೂ ಓದಿ.

ಬಾಡಿಗೆ ಲೆಕ್ಕವೂ ನೋಡಿ. ದಕ್ಷಿಣ ಕೊರಿಯಾದ ಮೆಸೇಜಿಂಗ್ ಆ್ಯಪ್ ಕಕಾವೊಟಾಕ್ 2012ರಲ್ಲಿ ಆಟಗಳನ್ನು ತಂದಾಗ, ಆಟಗಾರ ಕೊಟ್ಟ ನೂರರಲ್ಲಿ ಮೊದಲು ಆ್ಯಪ್ ಸ್ಟೋರ್‌ಗೆ 30 ಹೋಗುತ್ತಿತ್ತು. ಉಳಿದ 70ರಲ್ಲಿ ಶೇ. 30, ಅಂದರೆ 21, ಕಕಾವೊಗೆ. ಆಟ ಮಾಡಿದವರಿಗೆ 49. ಅದರಲ್ಲೇ ಸಂಬಳ, ಸರ್ವರ್, ಪ್ರಚಾರ, ಮತ್ತೆ ನಿಮ್ಮ ಲಾಭ.

ಇದಕ್ಕೆ ಪೂರ್ತಿ ಉಲ್ಟಾ ಒಂದಿದೆ, ಅದನ್ನು ನೆನೆದರೆ ನನಗೆ ಈಗಲೂ ಖುಷಿ. ವರ್ಡಲ್. ಜೋಶ್ ವಾರ್ಡಲ್ ಎಂಬಾತ ಮಾಡಿದ ಒಂದು ಸಾದಾ ವೆಬ್ ಪುಟ, ಊಹಿಸಲು ದಿನಕ್ಕೊಂದೇ ಪದ, ಆಗ ಜಾಹೀರಾತೂ ಇರಲಿಲ್ಲ. 2021ರ ನವೆಂಬರ್ 1ರಂದು ಆಡಿದವರು 90 ಜನ. ಎರಡು ತಿಂಗಳಲ್ಲಿ 3 ಲಕ್ಷ ದಾಟಿತು. ಊಹೆ ಎಷ್ಟು ಸರಿ ಎಂದು ತೋರಿಸುವ ಹಸಿರು, ಹಳದಿ ಚೌಕಗಳನ್ನು ಜನ ತಾವೇ ನಕಲು ಮಾಡಿ ಚಾಟ್‌ಗಳಲ್ಲಿ ಅಂಟಿಸಿದರು, ಅದರಲ್ಲಿ ಲಿಂಕ್ ಕೂಡ ಇರುತ್ತಿರಲಿಲ್ಲ! ಇಲ್ಲಿಯೂ ಹರಡಿದ್ದು ಟ್ವಿಟರ್, ಮೆಸೇಜಿಂಗ್‌ನಂಥ ಬೇರೆಯವರ ಆ್ಯಪ್‌ಗಳ ಮೂಲಕವೇ. ಆದರೆ ಆ ಆ್ಯಪ್‌ಗಳಿಗೆ ಪಾಲು ಕೇಳಲೂ ಆಗಲಿಲ್ಲ, ಬಾಗಿಲು ಮುಚ್ಚಲೂ ಆಗಲಿಲ್ಲ. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಹತ್ತು ಲಕ್ಷ ಡಾಲರ್‌ಗೂ ಮೇಲಿನ ಬೆಲೆ ಕೊಟ್ಟು ಕೊಂಡಿತು. ಕೊಂಡುಕೊಳ್ಳಲು ಅಲ್ಲೊಂದು ಸ್ವಂತ ವಸ್ತು ಇತ್ತು, ನೋಡಿ.

ಹಾಗಾಗಿ ನಿಮ್ಮ ಕಂಪನಿಯವರನ್ನು ಕೇಳಿ: ಸ್ವಂತ ತಾಣ ಇದೆಯಾ? ಒಂದೇ ಆ್ಯಪ್‌ನಿಂದ ಎಷ್ಟು ವರಮಾನ? ಮೊದಲ ದಿನ ಆಡಿದವರಲ್ಲಿ ಮೂವತ್ತನೇ ದಿನ ಎಷ್ಟು ಮಂದಿ ಉಳಿದಿದ್ದಾರೆ? ‘ಇಷ್ಟು ಕೋಟಿ ಸಲ ಆಡಿದ್ದಾರೆ’ ಎಂದರೆ ಸುಮ್ನೆ ನಕ್ಕು ಇದನ್ನೇ ಮತ್ತೆ ಕೇಳಿ. ಟೆಲಿಗ್ರಾಮ್‌ನ ಹ್ಯಾಮ್‌ಸ್ಟರ್ ಕಾಂಬ್ಯಾಟ್ ಆಟದಲ್ಲಿ ಟೋಕನ್ (ಕ್ರಿಪ್ಟೊ ನಾಣ್ಯ) ಸಿಗುವ ಆಸೆಗೆ ಜನ ರಾತ್ರಿ ಹಗಲು ಪರದೆ ಕುಟ್ಟಿದರು. 2024ರ ಸೆಪ್ಟೆಂಬರ್‌ನಲ್ಲಿ ಟೋಕನ್ ಕೈಗೆ ಬಂತು, ಬಹುಪಾಲು ಜನ ಕಂಬಿ ಕಿತ್ತರು.

ಇಷ್ಟು ಖಾರವಾಗಿ ಬರೆಯಲು ಕಾರಣ ಇದೆ. ಪತ್ರಿಕೆಗಳ ಪಾಡೂ ಇದೇ. 2015ರಲ್ಲಿ ಫೇಸ್‌ಬುಕ್ ‘ನಿಮ್ಮ ಲೇಖನಗಳನ್ನು ನಮ್ಮೊಳಗೇ ಹಾಕಿ, ಬೇಗ ತೆರೆಯುತ್ತದೆ’ ಎಂದು ಇನ್‌ಸ್ಟಂಟ್ ಆರ್ಟಿಕಲ್ಸ್ ತಂದಾಗ ದೊಡ್ಡ ದೊಡ್ಡ ಪತ್ರಿಕೆಗಳೇ ಸಾಲುಗಟ್ಟಿದವು. 2023ರಲ್ಲಿ ಅದೂ ಮುಚ್ಚಿತು. ನಮ್ಮ ಕಥೆ ಬೇರೇನಿಲ್ಲ. ಒಂದು ಜಾಲತಾಣದಲ್ಲಿ (ಹೆಸರು ಬೇಡ) ವರ್ಷಗಟ್ಟಲೆ ಓದುಗರನ್ನು ಕೂಡಿಹಾಕಿದೆವು. ಈಗ ನಮ್ಮದೇ ಓದುಗರಿಗೆ ನಮ್ಮದೇ ಲೇಖನ ಕಾಣಬೇಕಾದರೆ ದುಡ್ಡು ಕಟ್ಟಿ ಅನ್ನುತ್ತಾರೆ. ಹಾಡುವವರಿಗೂ, ವಿಡಿಯೊ ಮಾಡುವವರಿಗೂ, ಕೈಕಸುಬಿನವರಿಗೂ ಇದೇ ಗೋಳು. ಆದ್ದರಿಂದ ನಾವೀಗ ಇಮೇಲ್ ಪಟ್ಟಿಯೊಂದನ್ನು ಬೆಳೆಸುತ್ತಿದ್ದೇವೆ. ಪುಟ್ಟದು, ಆದರೆ ಪೂರ್ತಿ ನಮ್ಮದು. ಈಗಷ್ಟೇ ಹುಡುಕಿ ನೋಡಿದೆ, ಅದರಲ್ಲಿ ನಿಮ್ಮ ವಿಳಾಸವಿಲ್ಲ. ಇಷ್ಟುದ್ದ ಉತ್ತರ ಬರೆಸಿಕೊಂಡಿದ್ದೀರಿ, ಸೇರಿಕೊಳ್ಳಿ ಮತ್ತೆ.